ನೂರ ಹದಿನೇಳನೆಯ ಸೂಜಿ

ಇನ್ನೂರು ಸೂಜಿಗಳಲ್ಲಿ ಅದೊಂದಕ್ಕೇ ಹಟ.
ಎಡದಿಂದ ಎಣಿಸಿದರೆ ನೂರ ಹದಿನೇಳು,
ಬಲದಿಂದ ಎಂಬತ್ತನಾಲ್ಕು.
ಯಾವ ಕಡೆಯಿಂದ ಬಂದು ಮಾತಾಡಿಸಿದರೂ
ಸೊಲ್ಲೆತ್ತದೆ ಕುಣಿಕೆ ಕೈಬಿಡುತ್ತದೆ.
ನಾಲ್ಕು ಸಾಲು ದಾಟಿದ ಮೇಲೆ ನನಗೆ ಗೊತ್ತಾಗುವುದು:
ಮರೂನ್ ಎದೆಯ ಮೇಲೆ ಏಣಿಯಂಥ ಬಿರುಕು.

ಕಾನ್ವೆಂಟಿನ ಹೊಲಿಗೆ ಕ್ಲಾಸು ಮುಚ್ಚಿದಾಗ
ಸಿಸ್ಟರ್ ಬೆನೆಡಿಕ್ಟಾ ಕೊಟ್ಟದ್ದು, ಮೂರು ಸಾವಿರಕ್ಕೆ.
ಜೊತೆಗೊಂದು ಪುಸ್ತಕ, ಪೂರಾ ಜಪಾನೀ ಭಾಷೆ.
"ಚಿತ್ರ ನೋಡ್ಕೊಂಡು ಮಾಡು ಸುಂದ್ರಮ್ಮ" ಅಂದರು.
ಚಿತ್ರದಲ್ಲಿ ಉಗುರಿಗೆ ಬಣ್ಣ ಹಚ್ಚಿದ ಹೆಂಗಸು
ಎರಡೇ ಬೆರಳಲ್ಲಿ ಗಾಡಿ ತಳ್ಳುತ್ತಾ ನಗುತ್ತಾಳೆ.
ನಾನು ಮೊಣಕಾಲು ಗೋಡೆಗೊತ್ತಿ, ಉಸಿರು ಹಿಡಿದು ತಳ್ಳಿದರೆ
ಅರ್ಧದಲ್ಲೇ ಕಚ್ಚಿ ನಿಲ್ಲುತ್ತದೆ,
ಹೊಸಿಲಲ್ಲಿ ಮೊಂಡು ಹಿಡಿದ ಎಮ್ಮೆ.
ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಮಂಡ್ಯದಲ್ಲಿ ಕಬ್ಬು ಅರೆಯುವ ತಿಂಗಳು.
ಫ್ಯಾಕ್ಟರಿ ಚಿಮಣಿಯ ಕರೀ ಹುಡಿ
ಒಗೆದ ಬಟ್ಟೆಯ ಮೇಲೆ ಕೂರುವುದು ಊರಿಗೇ ಗೊತ್ತು;
ಸೂಜಿಯ ಮೂಗಿನ ಪುಟ್ಟ ರೆಪ್ಪೆಯೊಳಕ್ಕೆ
ಹೋಗಿ ಕೂರುವುದು ನನಗೊಬ್ಬಳಿಗೇ ಗೊತ್ತು.
ರೆಪ್ಪೆ ಮುಚ್ಚದು. ಮುಚ್ಚಿದರೆ ತೆರೆಯದು.
ಹಳೆ ಟೂತ್‌ಬ್ರಶ್ಶು, ಮೆಷಿನ್ ಎಣ್ಣೆ, ಉಳಿದಷ್ಟು ಬೆಳಕು,
ಒಂದೊಂದಾಗಿ ಇನ್ನೂರು ಮೂಗು ಒರೆಸುತ್ತೇನೆ
ಇಡೀ ಅಂಗನವಾಡಿಗೆ ನೆಗಡಿಯಾದಂತೆ.

ನೇಯ್ದದ್ದು ಕೆಳಗಿಳಿಯಲು ಭಾರ ಬೇಕು.
ಯಂತ್ರದ ಜೊತೆ ಬಂದ ಕೊಕ್ಕೆ ಎರಡೇ;
ಉಳಿದದ್ದಕ್ಕೆ ಮೈದುನನ ಅಂಗಡಿಯ ತೂಕದ ಬಟ್ಟು.
ಯಾರಾದರೂ ಬಂದು "ಅರ್ಧ ಕೇಜಿ ಬೆಲ್ಲ" ಅಂದರೆ ಸಾಕು,
"ಅತ್ತಿಗೇ, ಆ ಬಟ್ಟು!"
ಬಿಚ್ಚಿ ಕೊಟ್ಟ ಗಳಿಗೆಯಲ್ಲೇ
ಬಲಗಡೆಯ ಕುಣಿಕೆಗಳೆಲ್ಲ ಮೇಲೆದ್ದು
ಬಸ್ಸು ಬಂತೆಂಬಂತೆ ಕತ್ತು ಚಾಚುತ್ತವೆ.
ಬೆಲ್ಲ ಕೊಂಡವರಿಗೇನು ಗೊತ್ತು,
ಅವರ ಪಾಯಸಕ್ಕೆ ಒಂದು ತೋಳು ಸೊಟ್ಟಗಾಯಿತೆಂದು.

ಸಾಲು ಎಣಿಸುವ ಮುಳ್ಳು ಯಾವಾಗಲೋ ನಿಂತಿದೆ.
ಹತ್ತು ಸಾಲಿಗೊಂದು ಹುಣಿಸೆ ಬೀಜ, ತಟ್ಟೆಯಲ್ಲಿ.
ಮೊನ್ನೆ ಪಕ್ಕದ ಮನೆ ಕೂಸು ಎರಡು ಬೀಜ ಆಟಕ್ಕೊಯ್ದು
ಐದನೇ ಕ್ಲಾಸಿನ ಯಾರದೋ ಬೆನ್ನು
ಎದೆಗಿಂತ ಇಪ್ಪತ್ತು ಸಾಲು ಉದ್ದವಾಯಿತು.

ಆಮೇಲೆ ಸೂಜಿಗಳೆಲ್ಲ ಒಟ್ಟಿಗೇ ತಲೆ ಎತ್ತತೊಡಗಿದವು.
ಎಣ್ಣೆ ಬಿಟ್ಟೆ, ಬೈದೆ, ಶುಕ್ರವಾರ ಕುಂಕುಮವನ್ನೂ ಇಟ್ಟೆ.
ಸೈಕಲ್ ಶಾಪಿನ ಇನಾಯತ್ ಸಾಬರು ಬಂದು
ಕನ್ನಡಕ ಹಣೆಗೇರಿಸಿ, ಯಂತ್ರದ ಪಕ್ಕೆಯಿಂದ
ತಗಡಿನ ಪಟ್ಟಿಯೊಂದನ್ನು ಎಳೆದು ತೋರಿಸಿದರು.
ಸೂಜಿಗಳನ್ನು ಅದುಮಿಡುವ ಸ್ಪಂಜು ಒಳಗೆ ಹಪ್ಪಳವಾಗಿತ್ತು.
"ನಮ್ಮ ಹಳೇ ಸೀಟಿನ ಥರಾನೇ ಆಗೋಗಿದೆ ಕಣಮ್ಮ."
ಅದೇ ಮಾತಿಗೆ ಏನೋ ಹೊಳೆದು ಎದ್ದು ಹೋಗಿ
ಹರಿದ ಆಟೋ ಸೀಟಿನಿಂದ ಉದ್ದಕ್ಕೆ ಕೊಯ್ದು ತಂದರು.
ದುಡ್ಡು ಬೇಡ, ಮೊಮ್ಮಗಳಿಗೊಂದು ಟೋಪಿ ಸಾಕೆಂದರು.
ಈಗ ಗಾಡಿ ಓಡುತ್ತದೆ. ಮಧ್ಯಾಹ್ನದ ಸೆಕೆಗೆ
ಉಲ್ಲನ್ನಿನಲ್ಲಿ ಸಣ್ಣಗೆ ಆಟೋ ವಾಸನೆ.

ನೂರ ಹದಿನೇಳು ಮಾತ್ರ ಬಗ್ಗಲಿಲ್ಲ.
ತುದಿಯಲ್ಲಿ ಕೆಲಸವಿಲ್ಲದೆ ಕೂತಿದ್ದ ಇನ್ನೂರನೆಯದನ್ನು
ಅಲ್ಲಿಗೆ ತಂದೆ, ಅದನ್ನು ಇಲ್ಲಿಗೆ ಕಳಿಸಿದೆ.
ಕಳಿಸಿದ್ದು ಸಾಧುವಾಯಿತು.
ತಂದದ್ದು ಎರಡೇ ದಿನಕ್ಕೆ ಹಟ ಕಲಿಯಿತು.
ತಪ್ಪು ಸೂಜಿಯದಲ್ಲ, ಕೂತ ಜಾಗದ್ದು.
ಇನ್ನೇನು ಮಾಡಲಿ, ಪ್ರತಿ ಸಾಲಿಗೂ ಅಲ್ಲಿ ನಿಂತು
ಎಡಗೈ ತೋರುಬೆರಳಲ್ಲಿ ತಡವುತ್ತೇನೆ;
ಬಿದ್ದಿದ್ದರೆ ಕೊಕ್ಕೆ ಹಾಕಿ ಮೇಲೆತ್ತುತ್ತೇನೆ.

ನಲವತ್ತೆರಡು ಸ್ವೆಟರು ಮುಗಿದು ದುಡ್ಡು ತರಲು ಹೋದಾಗ
ಶಾಲೆಯಲ್ಲಿ ಪ್ರಾರ್ಥನೆ. ಅಂಗಳದ ತುಂಬ ಮರೂನ್.
ಬೇರೆಯವರಿಗೆ ಕಾಣದು. ನನಗೆ ಕಂಡಿತು:
ಎದೆ ನಡುವಿನಿಂದ ನಾಲ್ಕು ಬೆರಳು ಬಲಕ್ಕೆ
ಸಾಲು ಸಾಲು ಮಕ್ಕಳಲ್ಲಿ ಒಂದೇ ಕಡೆ
ಕೈಯಿಂದ ಎತ್ತಿಕಟ್ಟಿದ ಚೂರು ಬಿಗಿ ಗೆರೆ.
ಕೊನೆಯ ಸಾಲಿನ ಹುಡುಗನೊಬ್ಬ ಕಣ್ಣು ಮುಚ್ಚಿಕೊಂಡೇ
ಅಲ್ಲಿಗೇ ಪೆನ್ಸಿಲ್ ಮೊನೆ ತೂರಿಸಿ ಮೀಟುತ್ತಿದ್ದ.
"ಕೀಳ್ಬೇಡ ಕಣೋ" ಅಂದೆ.
ಇವಳ್ಯಾರು ಹೇಳೋಕೆ ಅಂತ ನೋಡಿದ.